ಅಂಕಪಟ್ಟಿ, ಬೆರಳಚ್ಚು, ಆಪ್ಟಿಟ್ಯೂಡ್ ಟೆಸ್ಟ್: ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳಿಗೆ ಯಾವುದನ್ನು ಮಾಡಿಸಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಕುಮಟೆಯಿಂದ ಅಕ್ಕನ ಫೋನ್ ಬಂತು. ಮಾಣಿಗೆ, ಅಂದರೆ ಅವಳ ಮಗನಿಗೆ, 91 ಪರ್ಸೆಂಟ್. ಆದರೆ ಅವಳ ದನಿಯಲ್ಲಿ ಖುಷಿ ಇರಲಿಲ್ಲ. ಭಾವ ಸೈನ್ಸೇ ಆಗಬೇಕು ಅಂತ ಪಟ್ಟು ಹಿಡಿದಿದ್ದರು, ಮಾಣಿ ಮಾತೇ ಆಡುತ್ತಿರಲಿಲ್ಲ. ಅವನಿಗೇ ಫೋನ್ ಕೊಡು ಅಂದೆ. "ಎಂತ ತಗಳವು ಹೇಳೇ ಗೊತ್ತಾಗ್ತಿಲ್ಲೆ ಚಿಕ್ಕಿ" ಅಂದ.

ಇಲ್ಲಿ ಶಿರಸಿಯಲ್ಲಿ ನಮ್ಮ ಮಗಳೂ ಅದೇ ವರ್ಷ ಹತ್ತನೇ ಕ್ಲಾಸ್ ಮುಗಿಸಿದ್ದಳು. ಇವಳು ಕನ್ನಡ ಮಾಧ್ಯಮ, ಅವನು ಇಂಗ್ಲಿಷ್ ಮೀಡಿಯಂ. ಇಬ್ಬರದೂ ಒಂದೇ ಗೊಂದಲ. ಆ ಬೇಸಿಗೆಯಲ್ಲಿ ಅಕ್ಕ ಮತ್ತು ನಾನು ಸೇರಿ ಇಬ್ಬರಿಗೂ ಸಾಕಷ್ಟು ಟೆಸ್ಟ್ ಮಾಡಿಸಿದೆವು. ಕೆಲವಕ್ಕೆ ದುಡ್ಡು ದಂಡ ಆಯಿತು. ಒಂದೆರಡು ನಿಜಕ್ಕೂ ಕೆಲಸಕ್ಕೆ ಬಂದವು. ಈ ವರ್ಷ ಅದೇ ದಾರಿಯಲ್ಲಿ ಇರುವವರಿಗೆ ನಾವು ಕಂಡದ್ದನ್ನು ಹೇಳುತ್ತೇನೆ.

ಮೊದಲು ಪ್ರಶ್ನೆ ಯಾವುದು ಅಂತ ನೋಡಿ

ಮಗುವಿನ ಬಗ್ಗೆ ನಾವು ಕೇಳುವುದು ಮೂರು ಬೇರೆ ಬೇರೆ ಪ್ರಶ್ನೆ. ಇಲ್ಲಿವರೆಗೆ ಏನು ಕಲಿತಿದೆ? ಏನು ಇಷ್ಟ? ಹೊಸದಾಗಿ ಕಲಿಸಿದರೆ ಯಾವುದು ಬೇಗ ಹತ್ತುತ್ತದೆ? ಮೊದಲನೆಯದಕ್ಕೆ ಅಂಕಪಟ್ಟಿ ಉತ್ತರ ಕೊಡುತ್ತದೆ. ಎರಡನೆಯದು ಆಸಕ್ತಿ. ಮೂರನೆಯದೇ ಆಪ್ಟಿಟ್ಯೂಡ್. ಬಿ.ಎಡ್. ಪುಸ್ತಕಗಳಲ್ಲಿ ಇದಕ್ಕೆ ಅಭಿಕ್ಷಮತೆ ಅಂತೆಲ್ಲ ಹೆಸರಿದೆ. ನಾನು ಸಹಜ ಸಾಮರ್ಥ್ಯ ಅಂತ ಬರೆಯುತ್ತೇನೆ.

ಯಕ್ಷಗಾನದ ಉದಾಹರಣೆ ತಗೊಳ್ಳಿ. ಒಬ್ಬ ಹುಡುಗ ರಾತ್ರಿಯಿಡೀ ರೆಪ್ಪೆ ಮುಚ್ಚದೆ ಆಟ ನೋಡುತ್ತಾನೆ. ಅದು ಆಸಕ್ತಿ. ಇನ್ನೊಬ್ಬ ನಾಲ್ಕು ವರ್ಷ ಕ್ಲಾಸಿಗೆ ಹೋಗಿ ತಾಳ, ಹೆಜ್ಜೆ ಕಲಿತಿದ್ದಾನೆ. ಅದು ಕಲಿಕೆ. ಮತ್ತೊಬ್ಬಳಿಗೆ ಯಾರೂ ಏನೂ ಕಲಿಸಿಲ್ಲ, ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಚಂಡೆಯ ಪೆಟ್ಟನ್ನು ಚಾಚೂ ತಪ್ಪದೆ ಬಡಿಯುತ್ತಾಳೆ. ಅದು ಸಾಮರ್ಥ್ಯ. ಮೂರೂ ಒಬ್ಬರಲ್ಲೇ ಇರಬಹುದು, ಇಲ್ಲದೆಯೂ ಇರಬಹುದು.

ಪೇಟೆಯಲ್ಲಿ ಮಾತ್ರ ಈ ಮೂರನ್ನೂ ಅಳೆಯುವ ಟೆಸ್ಟ್‌ಗಳಿಗೆ, ಏನನ್ನೂ ಅಳೆಯದ ಟೆಸ್ಟ್‌ಗಳಿಗೆ ಎಲ್ಲಕ್ಕೂ 'ಆಪ್ಟಿಟ್ಯೂಡ್ ಟೆಸ್ಟ್' ಅಂತ ಒಂದೇ ಬೋರ್ಡ್. ನಾವು ಎಡವಿದ್ದು ಅಲ್ಲೇ.

ಅಂಕಪಟ್ಟಿ: ಪುಕ್ಕಟೆ, ಆದರೆ ಬಿಡಿಸಿ ನೋಡಬೇಕು

ಅಂಕ ಅಂದರೆ ಬರೀ ಬಾಯಿಪಾಠ ಅಂತ ಹೀಗಳೆಯುವುದು ಈಗ ಫ್ಯಾಷನ್. ನನಗೆ ಅದು ಸರಿ ಅನ್ನಿಸುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಹೇಗೆ ಮಾಡಬಹುದು ಅನ್ನುವುದಕ್ಕೆ ಹಿಂದಿನ ಪರೀಕ್ಷೆ ತಕ್ಕಮಟ್ಟಿಗೆ ಒಳ್ಳೆಯ ಸೂಚನೆಯೇ. ತೊಂದರೆ ಇರುವುದು ಒಟ್ಟು ಪರ್ಸೆಂಟಿನಲ್ಲಿ.

ನಮ್ಮ ಮಕ್ಕಳು ಬರೆದಾಗ ಒಟ್ಟು 625 ಅಂಕ. ಅದರಲ್ಲಿ ಪ್ರಥಮ ಭಾಷೆಗೆ 125, ಉಳಿದ ಎರಡು ಭಾಷೆಗೆ ನೂರು ನೂರು. ಅಂದರೆ 325 ಅಂಕ ಭಾಷೆಯದ್ದೇ. ಅರ್ಧಕ್ಕಿಂತ ಜಾಸ್ತಿ! ಮಾಣಿಯ 91 ಪರ್ಸೆಂಟನ್ನು ಬಿಡಿಸಿದರೆ ಸಂಸ್ಕೃತ 125ಕ್ಕೆ 125, ಕನ್ನಡ 97, ಇಂಗ್ಲಿಷ್ 94, ಸಮಾಜ 92, ವಿಜ್ಞಾನ 82, ಗಣಿತ 79. ಭಾವನಿಗೆ ಕಾಣುತ್ತಿದ್ದದ್ದು 91. ಸೈನ್ಸ್ ಕ್ಲಾಸಿನಲ್ಲಿ ಕೂತರೆ ಕೆಲಸಕ್ಕೆ ಬರುವುದು 79 ಮತ್ತು 82. ಹಾಗಂತ ಅವು ಕಡಿಮೆ ಅಲ್ಲ. ಆದರೆ ಕತೆ ಬೇರೆಯೇ ಆಯಿತು, ಅಲ್ವಾ?

ಅಂಕಪಟ್ಟಿಗೆ ಕಾಣಿಸದ ಸಂಗತಿಯೂ ಇದೆ. ಒಂದು ಯಂತ್ರ ಬಿಚ್ಚಿ ನೋಡಿ ಎಲ್ಲಿ ಕೆಟ್ಟಿದೆ ಅಂತ ಹೇಳುವವರು, ಕಾಗದದ ಮೇಲಿನ ನಕ್ಷೆ ನೋಡಿ ಮನೆಯನ್ನೇ ಕಣ್ಣೆದುರು ತಂದುಕೊಳ್ಳುವವರು, ಇಂಥವರಿಗೆ ಹತ್ತನೇ ಕ್ಲಾಸಿನ ಯಾವ ಪೇಪರಿನಲ್ಲೂ ಅದಕ್ಕೆ ಅಂತ ಅಂಕ ಇಲ್ಲ.

ಬೆರಳಚ್ಚಿನ ಟೆಸ್ಟ್: ನಾವು ಕಳೆದುಕೊಂಡ 7,000 ರೂಪಾಯಿ

ಮೊದಲು ಮಾಡಿಸಿದ್ದು ಇದನ್ನೇ. ಒಂದು ಶಿಬಿರ ಇತ್ತು. ಹತ್ತು ಬೆರಳಿನ ಗುರುತು ಕೊಟ್ಟರೆ ಮಗುವಿನ ಹುಟ್ಟುಗುಣ ಹೇಳುತ್ತೇವೆ ಅಂದರು. ತಲೆಗೆ 3,500. ಡಿಎಂಐಟಿ ಅಂತ ಹೆಸರು. ವಾರದ ಮೇಲೆ ಇಬ್ಬರಿಗೂ ನಲವತ್ತು ಪುಟದ ಬಣ್ಣಬಣ್ಣದ ವರದಿ ಬಂತು. ಎಡ ಮೆದುಳು ಇಷ್ಟು, ಬಲ ಮೆದುಳು ಇಷ್ಟು, ತರ್ಕ ಇಷ್ಟು, ಸಂಗೀತ ಇಷ್ಟು. ಅಕ್ಕ ಕುಮಟೆಯಲ್ಲಿ, ನಾನು ಶಿರಸಿಯಲ್ಲಿ ಫೋನ್ ಹಿಡಿದು ಒಬ್ಬರಿಗೊಬ್ಬರು ಓದಿ ಹೇಳುತ್ತಾ ಹೋದೆವು. ಹತ್ತನೇ ಪುಟದ ಹೊತ್ತಿಗೆ ಇಬ್ಬರಿಗೂ ನಗು ಬಂತು. ಅಂಕಿ ಮಾತ್ರ ಬೇರೆ, ವಾಕ್ಯಗಳು ಹೆಚ್ಚುಕಡಿಮೆ ಅವೇ. "ನಿಮ್ಮ ಮಗುವಿಗೆ ಪ್ರೋತ್ಸಾಹ ಕೊಟ್ಟರೆ ಚೆನ್ನಾಗಿ ಕಲಿಯುತ್ತದೆ." ಇದನ್ನು ಹೇಳುವುದಕ್ಕೆ ಬೆರಳು ಬೇಕಾ?

ಆಮೇಲೆ ಓದಿ ತಿಳಿದದ್ದು ಇಷ್ಟು. ಬೆರಳಿನ ಗೆರೆಗಳ ಅಧ್ಯಯನ ಅಂತ ಒಂದು ನಿಜವಾದ ವಿಷಯ ಇದೆ. ಆ ಗೆರೆಗಳು ಮಗು ಹೊಟ್ಟೆಯಲ್ಲಿ ಇರುವಾಗಲೇ, ಸುಮಾರು ಮೂರರಿಂದ ಐದನೇ ತಿಂಗಳ ಒಳಗೆ ಮೂಡುತ್ತವೆ. ಗುರುತು ಪತ್ತೆಗೆ ಅವು ಬೇಕು. ಆದರೆ ಗೆರೆ ನೋಡಿ ಬುದ್ಧಿ ಹೇಳಬಹುದು ಅನ್ನುವುದಕ್ಕೆ ಆಧಾರ ಇಲ್ಲ. ವರದಿಯಲ್ಲಿ ಬರುವ 'ಬಹುಬಗೆಯ ಬುದ್ಧಿಶಕ್ತಿ' ಅನ್ನುವ ಮಾತು ಅಮೆರಿಕದ ಹೋವರ್ಡ್ ಗಾರ್ಡ್‌ನರ್ 1983ರಲ್ಲಿ ಮುಂದಿಟ್ಟದ್ದು. ಅದಕ್ಕೂ ಬೆರಳಿಗೂ ಸಂಬಂಧವೇ ಇಲ್ಲ. ಭಾರತೀಯ ಮನೋವೈದ್ಯರ ಸಂಘ ಕೂಡ ಈ ಟೆಸ್ಟ್‌ಗೆ ವೈಜ್ಞಾನಿಕ ಬೆಂಬಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದೆ.

ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸರಲ್ಲಿ ಕೆಲವರಿಗೆ ಬೆರಳು ಸವೆದು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತೇ ಕೂರುವುದಿಲ್ಲ. ಆ ಶಿಬಿರದವರ ಲೆಕ್ಕದಲ್ಲಿ ಇವರ ಬುದ್ಧಿಯೂ ಸವೆದು ಹೋಗಿದೆ ಅಂತಲೋ ಏನೋ. ಈ ಟೆಸ್ಟ್‌ಗಿಂತ ಜಾತಕ ವಾಸಿ. ಭಟ್ಟರು ದಕ್ಷಿಣೆ ಆದರೂ ಕಡಿಮೆ ತಗೊಳ್ಳುತ್ತಾರೆ, ಜೊತೆಗೆ ಮನೆಯವರ ಕಷ್ಟ ಸುಖ ಕೇಳುತ್ತಾರೆ.

ಆಸಕ್ತಿಯ ಪ್ರಶ್ನಾವಳಿ: ಮಾತು ಶುರು ಮಾಡಲು ಒಳ್ಳೆಯದು

ಆಸಕ್ತಿ ಅಳೆಯುವ ಹೆಚ್ಚಿನ ಪ್ರಶ್ನಾವಳಿಗಳ ಹಿಂದೆ ಜಾನ್ ಹಾಲೆಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞನ ವಿಂಗಡಣೆ ಇದೆ. 1959ರಲ್ಲಿ ಶುರುವಾದದ್ದು. ಅವನು ಕೆಲಸಗಳನ್ನೂ ಜನರನ್ನೂ ಆರು ಬಗೆ ಮಾಡಿದ. ಕೈಕೆಲಸದವರು, ಹುಡುಕಿ ತಿಳಿಯುವವರು, ಕಲೆಯವರು, ಜನರಿಗೆ ನೆರವಾಗುವವರು, ವ್ಯವಹಾರದವರು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುವವರು. ಯಾರೂ ಪೂರ್ತಿ ಒಂದೇ ಬಗೆ ಅಲ್ಲ, ಎರಡು ಮೂರು ಸೇರಿರುತ್ತವೆ.

ಇದನ್ನು ಪುಕ್ಕಟೆ ಮಾಡಬಹುದು. ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಅನ್ನುವ ಜಾಲತಾಣದಲ್ಲಿ 60 ಪ್ರಶ್ನೆಯ ಇಂಟರೆಸ್ಟ್ ಪ್ರೊಫೈಲರ್ ಇದೆ. ಇಂಗ್ಲಿಷಿನಲ್ಲಿದೆ, ನಾನು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳಿದೆ. ಮೊದಲ ಪ್ರಶ್ನೆಯೇ ಅಡುಗೆಮನೆಯ ಕಪಾಟು ಮಾಡುವುದು ಇಷ್ಟವಾ ಅಂತ. ಮಗಳು "ಗುಡಿಗಾರರ ಹಾಗೆ ಕೆತ್ತುವುದಾ, ಸುಮ್ನೆ ಮೊಳೆ ಹೊಡೆಯುವುದಾ?" ಅಂತ ಕೇಳಿದಳು. ಆ ಪ್ರಶ್ನೆಗೆ ಅಲ್ಲಿ ಜಾಗ ಇರಲಿಲ್ಲ. ಆದರೆ ಅವಳಿಗೆ ಕೆತ್ತನೆ ಇಷ್ಟ ಅಂತ ನನಗೆ ಗೊತ್ತಾದದ್ದು ಅವತ್ತೇ.

ಇದರ ಮಿತಿ ಏನು ಅಂದರೆ, ಮಕ್ಕಳು ನೋಡಿದ್ದನ್ನು ಮಾತ್ರ ಇಷ್ಟ ಅನ್ನುತ್ತಾರೆ. ಕಾರವಾರದ ಬಂದರಿನ ಹತ್ತಿರ ಬೆಳೆದ ಹುಡುಗ ಹಡಗಿನ ಕೆಲಸಕ್ಕೆ ಹೂಂ ಅನ್ನುತ್ತಾನೆ, ಯಲ್ಲಾಪುರದ ಹುಡುಗ ಅನ್ನುವುದಿಲ್ಲ. ಅದಕ್ಕೆ ಉತ್ತರಗಳಿಗಿಂತ "ಇದು ಎಂತ ಕೆಲಸ?" ಅಂತ ಮಗು ಕೇಳಿದ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಿ. ಇಷ್ಟ ಇದೆ ಅಂದರೆ ಬರುತ್ತದೆ ಅಂತಲೂ ಅಲ್ಲ. ನನಗೆ ಹಾಡು ಬಹಳ ಇಷ್ಟ. ಮನೆಯವರನ್ನು ಕೇಳಿ ನೋಡಿ.

ನಾಲ್ಕು ಅಕ್ಷರದಲ್ಲಿ ಸ್ವಭಾವ ಹೇಳುವ 16 ಬಗೆಯ ಟೆಸ್ಟ್ ಬಗ್ಗೆ ಎರಡೇ ಮಾತು. ಮಯರ್ಸ್-ಬ್ರಿಗ್ಸ್ ಅಂತ ತಾಯಿ ಮಗಳು ಸೇರಿ ಮಾಡಿದ್ದು. ಕೆಲವು ವಾರ ಬಿಟ್ಟು ಮತ್ತೆ ಮಾಡಿದರೆ ಎಷ್ಟೋ ಜನರ ಅಕ್ಷರ ಬದಲಾಗುತ್ತದೆ. ಇದನ್ನು ಇಟ್ಟುಕೊಂಡು ಕೆಲಸಕ್ಕೆ ಆರಿಸಬೇಡಿ ಅಂತ ಅದನ್ನು ಮಾರುವವರೇ ಹೇಳುತ್ತಾರೆ. ಮಳೆಗಾಲದ ಸಂಜೆಗೆ ಒಳ್ಳೆ ಮೋಜು, ಅಷ್ಟೇ.

ನಿಜವಾದ ಆಪ್ಟಿಟ್ಯೂಡ್ ಬ್ಯಾಟರಿ: ದುಡ್ಡು ಹಾಕುವುದಾದರೆ ಇಲ್ಲಿ

ಬ್ಯಾಟರಿ ಅಂದರೆ ಇಲ್ಲಿ ಸೆಲ್ ಅಲ್ಲ. ಹಲವು ಚಿಕ್ಕ ಟೆಸ್ಟ್‌ಗಳ ಒಂದು ಕಟ್ಟು. ಇಂಥವುಗಳಲ್ಲಿ ಹೆಸರಾದದ್ದು ಡಿಎಟಿ, ಡಿಫರೆನ್ಷಿಯಲ್ ಆಪ್ಟಿಟ್ಯೂಡ್ ಟೆಸ್ಟ್ಸ್. ಅಮೆರಿಕದಲ್ಲಿ 1947ರಲ್ಲಿ ಬಂದದ್ದು. ನಮ್ಮ ದೇಶದಲ್ಲಿ ಡಿಬಿಡಿಎ ಅನ್ನುವುದೂ ಬಳಕೆಯಲ್ಲಿದೆ. ಸರ್ಕಾರದ ಕಡೆಯಿಂದ ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿ ಸೇರಿ 2019ರಲ್ಲಿ 'ತಮನ್ನಾ' ಅಂತ ಒಂದನ್ನು ತಂದಿವೆ. ಒಂಬತ್ತು, ಹತ್ತನೇ ತರಗತಿಯವರಿಗೆ. ಅದರಲ್ಲಿ ಪಾಸು ಫೇಲು ಇಲ್ಲ, ಕಡ್ಡಾಯವೂ ಅಲ್ಲ. ಅದರ ಫಲಿತಾಂಶ ಇಟ್ಟುಕೊಂಡು ಇದೇ ವಿಷಯ ತಗೊಳ್ಳಿ ಅಂತ ಮಕ್ಕಳ ಮೇಲೆ ಹೇರಬಾರದು ಅಂತಲೂ ಹೇಳಿದ್ದಾರೆ. ನಿಮ್ಮ ಮಗು ಸಿಬಿಎಸ್‌ಇ ಶಾಲೆಯಲ್ಲಿದ್ದರೆ ಮೊದಲು ಮಾಸ್ತರರನ್ನು ಇದರ ಬಗ್ಗೆ ಕೇಳಿ. ನಮ್ಮ ಮಕ್ಕಳು ರಾಜ್ಯ ಪಠ್ಯಕ್ರಮದವರು, ಹಾಗಾಗಿ ಹುಬ್ಬಳ್ಳಿಗೆ ಹೋದೆವು. ಬಸ್ಸಿನಲ್ಲಿ ಎರಡೂವರೆ ತಾಸು.

ಈ ಕಟ್ಟುಗಳಲ್ಲಿ ಏನಿರುತ್ತದೆ ಅಂತ ಒಮ್ಮೆ ತಿಳಿದುಕೊಂಡರೆ ಬೋರ್ಡ್ ನೋಡಿ ಮೋಸ ಹೋಗುವುದು ತಪ್ಪುತ್ತದೆ. ಮಾತಿನ ತರ್ಕ, ಅಂಕಿ ಲೆಕ್ಕ ಗೊತ್ತಿರುವಂಥವೇ. ಚಿತ್ರಗಳ ಸಾಲು ಕೊಟ್ಟು ಮುಂದಿನದು ಯಾವುದು ಅಂತ ಕೇಳುವುದು ಅಮೂರ್ತ ತರ್ಕ. ಅದಕ್ಕೆ ಭಾಷೆ ಬೇಕಿಲ್ಲ. ರಾಟೆ, ಹಲ್ಲಿನ ಚಕ್ರ ತೋರಿಸಿ ಇದು ಹೀಗೆ ತಿರುಗಿದರೆ ಅದು ಹೇಗೆ ತಿರುಗುತ್ತದೆ ಅಂತ ಕೇಳುವುದು ಯಾಂತ್ರಿಕ ತರ್ಕ. ಅಡಿಕೆ ಸುಲಿಯುವ ಯಂತ್ರದ ಬೆಲ್ಟ್ ಜಾರಿದಾಗ ಯಾರನ್ನೂ ಕರೆಯದೆ ಸರಿ ಮಾಡುವವರಿಗೆ ಇದು ಇರುತ್ತದೆ. ಬಿಡಿಸಿದ ರಟ್ಟಿನ ಚಿತ್ರ ಕೊಟ್ಟು ಮಡಚಿದರೆ ಯಾವ ಪೆಟ್ಟಿಗೆ ಆಗುತ್ತದೆ ಅಂತ ಕೇಳುವುದು ಆಕಾರದ ಅರಿವು. ಇನ್ನೊಂದು, ಸಾಲು ಸಾಲು ಅಕ್ಷರ ಅಂಕಿಗಳನ್ನು ಸರಸರ ನೋಡಿ ಒಂದೇ ರೀತಿ ಇರುವುದನ್ನು ಹೆಕ್ಕುವುದು. ಗ್ರಹಿಕೆಯ ವೇಗ ಅನ್ನುತ್ತಾರೆ. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಒಂದು ಮುಷ್ಟಿ ಎತ್ತಿ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು ಅಂತ ಕಣ್ಣಲ್ಲೇ ಹೇಳುವವರ ಬಂಡವಾಳ ಇದೇ. ಅನುಭವವೂ ಹೌದು. ಆದರೆ ಅಷ್ಟೇ ವರ್ಷ ಕೂತರೂ ಕೆಲವರಿಗೆ ಅದು ಬರುವುದೇ ಇಲ್ಲ.

ಫಲಿತಾಂಶ ಪರ್ಸೆಂಟೈಲ್‌ನಲ್ಲಿ ಬರುತ್ತದೆ. 70 ಅಂದರೆ ನೂರಕ್ಕೆ ಎಪ್ಪತ್ತು ಅಂಕ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳ ಸಾಲಿನಲ್ಲಿ ಎಪ್ಪತ್ತು ಜನರಿಗಿಂತ ಮುಂದೆ ಅಂತ. ಭಾವ ಮೊದಲು ಇದನ್ನು ಅಂಕ ಅಂದುಕೊಂಡು ಗಾಬರಿಯಾಗಿದ್ದರು. 60ಕ್ಕೂ 66ಕ್ಕೂ ವ್ಯತ್ಯಾಸವೇ ಇಲ್ಲ ಅಂತ ತಿಳಿಯಿರಿ. ಅವತ್ತು ಬಸ್ಸಿನಲ್ಲಿ ವಾಂತಿ ಆಗದಿದ್ದರೆ ಅದು ತಿರುಗಾಮುರುಗಾ ಆಗುತ್ತಿತ್ತು. ನೋಡಬೇಕಾದದ್ದು ಮಗುವಿನ ಒಳಗಿನ ಏರಿಳಿತ. ಮಾಣಿಗೆ ಮಾತಿನ ತರ್ಕ 86, ಗ್ರಹಿಕೆಯ ವೇಗ 90, ಅಂಕಿ 58. ಯಾಂತ್ರಿಕ 30, ಆಕಾರ 34. ಐವತ್ತು ಅರವತ್ತರ ನಡುವೆಯೇ ಎಲ್ಲ ಇದ್ದಿದ್ದರೆ ಈ ಟೆಸ್ಟ್ ಏನೂ ಹೇಳುತ್ತಿರಲಿಲ್ಲ. ಇಷ್ಟು ದೊಡ್ಡ ಅಂತರ ಇದ್ದಾಗ ಹೇಳುತ್ತದೆ.

ಈಗ ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದ ಮಾತು. ಮಗಳಿಗೆ ಆಕಾರದಲ್ಲಿ 88, ಅಮೂರ್ತ ತರ್ಕದಲ್ಲಿ 84 ಬಂತು. ಮಾತಿನ ತರ್ಕದಲ್ಲಿ 35! ಮನೆಯಲ್ಲಿ ತಾಳಮದ್ದಳೆ ಕೇಳಿ ಭೀಷ್ಮನ ಮಾತಿಗೆ ಪರಶುರಾಮನ ಉತ್ತರ ತಾನೇ ಕಟ್ಟಿ ಹೇಳುವ ಹುಡುಗಿ ಅವಳು. ಆದದ್ದೇನು ಅಂದರೆ ಟೆಸ್ಟ್ ಇಂಗ್ಲಿಷಿನಲ್ಲಿತ್ತು. ಅದು ಅಳೆದದ್ದು ಅವಳ ತರ್ಕವನ್ನಲ್ಲ, ಇಂಗ್ಲಿಷ್ ಓದುವ ವೇಗವನ್ನು. ಪುಣ್ಯಕ್ಕೆ ಕೌನ್ಸೆಲರ್ ಇದನ್ನು ಅವರೇ ಹೇಳಿದರು. "ಈ ಅಂಕಿಯನ್ನು ಬಿಟ್ಟುಬಿಡಿ, ಭಾಷೆ ಬೇಡದ ಭಾಗಗಳನ್ನು ಮಾತ್ರ ನೋಡೋಣ" ಅಂದರು. ಹಾಗೆ ಹೇಳದವರ ಕೈಗೆ ಸಿಕ್ಕಿದ್ದರೆ 'ಭಾಷೆ ಕಮ್ಮಿ' ಅಂತ ಹಣೆಪಟ್ಟಿ ಹಚ್ಚಿಕೊಂಡು ಬರುತ್ತಿದ್ದೆವು.

ಅದಕ್ಕೆ ದುಡ್ಡು ಕಟ್ಟುವ ಮೊದಲು ಫೋನಿನಲ್ಲೇ ಕೇಳಿಬಿಡಿ. ಕನ್ನಡದಲ್ಲಿ ಇದೆಯಾ? ಯಾವ ಮಕ್ಕಳ ಜೊತೆ ಹೋಲಿಸಿ ಪರ್ಸೆಂಟೈಲ್ ಹಾಕುತ್ತೀರಿ, ದೊಡ್ಡ ಊರಿನ ಇಂಗ್ಲಿಷ್ ಮೀಡಿಯಂ ಮಕ್ಕಳಾ? ಪ್ರತಿ ಸಾಮರ್ಥ್ಯಕ್ಕೂ ಬೇರೆ ಅಂಕಿ ಕೊಡುತ್ತೀರಾ, ಇಲ್ಲ ಒಂದೇ ಒಟ್ಟು ಅಂಕಿಯಾ? ಟೆಸ್ಟ್ ಆದ ಮೇಲೆ ಮನಶ್ಶಾಸ್ತ್ರ ಓದಿದವರು ಮಗುವಿನ ಎದುರು ಕೂತು ಮಾತಾಡುತ್ತಾರಾ? ಈ ಕೊನೆಯದಕ್ಕೆ "ರಿಪೋರ್ಟ್ ವಾಟ್ಸಾಪ್ ಮಾಡುತ್ತೇವೆ" ಅಂದರೆ ಫೋನ್ ಇಡಿ. ಟೆಸ್ಟ್ ಮುಗಿದ ತಕ್ಷಣ ಅವರೇ ನಡೆಸುವ ಕೋಚಿಂಗ್‌ನ ಅರ್ಜಿ ಕೈಗೆ ಕೊಟ್ಟರೂ ಅಷ್ಟೇ.

ಕೈಗೆ ಕೆಲಸ ಕೊಟ್ಟು ನೋಡುವುದು: ಕಮ್ಮಿ ಖರ್ಚು, ನನಗೆ ಹೆಚ್ಚು ನಂಬಿಕೆ

ಇದರ ಹಿಂದೆ ಒಂದು ಕತೆ ಇದೆ. 1922ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜಾನ್ಸನ್ ಓಕಾನರ್ ಅನ್ನುವವರು ಯಾರನ್ನು ಯಾವ ಕೆಲಸಕ್ಕೆ ಹಾಕಿದರೆ ಚೆನ್ನ ಅಂತ ನೋಡಲು ಹೊರಟರು. ಅವರು ಪ್ರಶ್ನೆಪತ್ರಿಕೆ ಒಂದನ್ನೇ ನಂಬಲಿಲ್ಲ, ಕೆಲಸವನ್ನೇ ಚಿಕ್ಕದು ಮಾಡಿ ಕೈಗೆ ಕೊಟ್ಟರು. ಒಂದು ಹಲಗೆ, ಅದರಲ್ಲಿ 100 ತೂತು. ಪ್ರತಿ ತೂತಿಗೂ ಬೆರಳಿನಿಂದ ಮೂರು ಮೂರು ಸೂಜಿ ಹಾಕಬೇಕು. ಇನ್ನೊಂದರಲ್ಲಿ ಚಿಮಟದಿಂದ ಒಂದೊಂದೇ. ಬೆರಳು ಚುರುಕಾದವರಿಗೆಲ್ಲ ಚಿಮಟ ಚುರುಕಾಗಿರಲಿಲ್ಲ. ಎರಡೂ ಬೇರೆ ಬೇರೆ ಸಾಮರ್ಥ್ಯ! ನಾವು ಸುಮ್ನೆ 'ಕೈಗುಣ' ಅಂತ ಒಂದೇ ಮಾತಲ್ಲಿ ಹೇಳುತ್ತೇವೆ. ಭಟ್ಕಳ ಮಲ್ಲಿಗೆಯನ್ನು ಕಣ್ಣು ಮಿಟುಕಿಸುವುದರ ಒಳಗೆ ಮೊಳಗಟ್ಟಲೆ ಕಟ್ಟುವವರು ಗಡಿಯಾರ ರಿಪೇರಿಯಲ್ಲೂ ಹಾಗೇ ಇರುತ್ತಾರೆ ಅಂತ ಇಲ್ಲ.

ಓಕಾನರ್ ಅವರ ಇನ್ನೊಂದು ಟೆಸ್ಟ್ ನನಗೆ ಬಹಳ ಇಷ್ಟ. ಒಂದು ಮರದ ದಿಮ್ಮಿಯನ್ನು ಅಲೆಅಲೆಯಾಗಿ ಕೊಯ್ದು 9 ತುಂಡು ಮಾಡಿ ಕೊಡುವುದು, ಮತ್ತೆ ಜೋಡಿಸಬೇಕು. ಆಕಾರ ಮನಸ್ಸಲ್ಲಿ ಕಾಣುವವರು ನೋಡುನೋಡುತ್ತ ಜೋಡಿಸಿಬಿಡುತ್ತಾರೆ, ಉಳಿದವರು ಒದ್ದಾಡುತ್ತಾರೆ. ಅವರ ಹೆಸರಿನ ಸಂಸ್ಥೆ ಅಮೆರಿಕದಲ್ಲಿ ಇವತ್ತಿಗೂ ಇಂಥ ಟೆಸ್ಟ್ ನಡೆಸುತ್ತದೆ. ನಾವು ಅಲ್ಲಿಗೆ ಹೋಗಬೇಕಿಲ್ಲ. ನಮ್ಮೂರಿನ ಆಚಾರಿ ಹಳೆ ಮಾವಿನ ಹಲಗೆಯಲ್ಲಿ ಒಂದು ಕೊಯ್ದು ಕೊಟ್ಟರು. "ಇದೆಂತ ಹುಚ್ಚು ಅಮ್ಮಾ" ಅಂತ ನಕ್ಕರು, ದುಡ್ಡು ತಗೊಳ್ಳಲಿಲ್ಲ.

ಮನೆಯಲ್ಲಿ ಮಾಡುವಾಗ ಒಂದೇ ನಿಯಮ. ಕೆಲಸ ಮಗುವಿಗೆ ಹೊಸದಾಗಿರಬೇಕು. ಈಗಾಗಲೇ ಮಾಡಿ ಪಳಗಿದ್ದರೆ ಕಾಣುವುದು ಅಭ್ಯಾಸ, ಸಾಮರ್ಥ್ಯ ಅಲ್ಲ. ಕೆಟ್ಟ ಮಿಕ್ಸರ್ ಬಿಚ್ಚಿ ಮತ್ತೆ ಕಟ್ಟಲಿ. ಗೊತ್ತಿಲ್ಲದ ಊರಿನ ನಕ್ಷೆ ಕೊಟ್ಟು ಬಸ್ ಸ್ಟ್ಯಾಂಡಿನಿಂದ ದಾರಿ ಹುಡುಕಲಿ. ಸಂಘದ ಪಾಸ್‌ಬುಕ್ಕಿನಲ್ಲಿ ತಾಳೆ ಆಗದ ಲೆಕ್ಕ ಹಿಡಿಯಲಿ. ಗೆದ್ದರೋ ಸೋತರೋ ಅಂತ ನೋಡಬೇಡಿ. ಎರಡನೇ ಸಲಕ್ಕೆ ಎಷ್ಟು ಬೇಗ ಸುಧಾರಿಸಿತು, ಬಿಡು ಅಂದರೂ ಬಿಡದೆ ಕೂತದ್ದು ಯಾವುದರ ಮುಂದೆ, ಅದನ್ನು ನೋಡಿ. ಈ ಹಟವನ್ನು ಹುಬ್ಬಳ್ಳಿಯ ಟೆಸ್ಟ್ ಅಳೆಯಲಿಲ್ಲ.

ಆಮೇಲೆ ನಿಜವಾದ ಜಾಗಕ್ಕೆ ಹತ್ತು ದಿನ ಕಳಿಸಿ. ಮಾಣಿ ಕುಮಟೆಯಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ಹತ್ತು ದಿನ ಬಿಲ್ ಜೋಡಿಸಿದ. ಮೂರನೇ ದಿನಕ್ಕೆ ಅವನೇ ಒಂದು ತಪ್ಪು ಹಿಡಿದನಂತೆ. ಅವತ್ತು ರಾತ್ರಿ ಫೋನಿನಲ್ಲಿ ಅವನು ಮಾತಾಡಿದಷ್ಟು ನಾನು ಅವನ ಬಾಯಲ್ಲಿ ಒಂದು ವರ್ಷದಲ್ಲಿ ಕೇಳಿರಲಿಲ್ಲ.

ದಾರಿ ಗೊತ್ತಿದ್ದವರಿಗೆ: ಪ್ರವೇಶ ಪರೀಕ್ಷೆಯೇ ಟೆಸ್ಟ್

ಮಗುವಿಗೆ ಒಂದು ದಾರಿ ಹೊಳೆದಿದ್ದರೆ ಸಾಮಾನ್ಯ ಬ್ಯಾಟರಿಗಿಂತ ಆ ದಾರಿಯ ಪರೀಕ್ಷೆಯನ್ನೇ ನೋಡುವುದು ಒಳ್ಳೆಯದು. ಆರ್ಕಿಟೆಕ್ಚರ್‌ಗೆ ನಾಟಾ ಇದೆ. ಡಿಸೈನ್‌ಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಇದೆ. ಪಿಯುಸಿಯಲ್ಲಿ ಕಲೆ, ವಾಣಿಜ್ಯ ಓದಿದವರೂ ಅದನ್ನು ಬರೆಯಬಹುದು. ಅದರ ಹಳೆ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಒಂದು ಭಾನುವಾರ ಕೂರಿಸಿ ಮಾಡಿಸಿ. ಆಟದ ಹಾಗೆ ಅನ್ನಿಸಿತೋ, ಶಿಕ್ಷೆ ಅನ್ನಿಸಿತೋ ಮುಖ ನೋಡಿದರೆ ಗೊತ್ತಾಗುತ್ತದೆ.

ಕರಾವಳಿಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ಊರಲ್ಲಿ ಯಾರಾದರೊಬ್ಬರು ಮರ್ಚೆಂಟ್ ನೇವಿಯಲ್ಲಿ ಇದ್ದೇ ಇರುತ್ತಾರೆ. ಹುಡುಗರ ಕನಸು ಸಹಜವಾಗಿ ಆ ಕಡೆ. ಹಾಗಿದ್ದರೆ ಮರ್ಚೆಂಟ್ ನೇವಿ ಕೋರ್ಸಿನ ಪ್ರವೇಶ ಪರೀಕ್ಷೆ ಐಎಂಯು-ಸಿಇಟಿಯ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಪರೀಕ್ಷೆ ಮಾಡಿಸಿ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಓದುವ ಇಶಿಹಾರ ಪುಸ್ತಕ, 1917ರಿಂದ ಬಳಕೆಯಲ್ಲಿದೆ. ಹತ್ತು ನಿಮಿಷದ ಕೆಲಸ. ಕೆಂಪು ಹಸಿರು ಬೇರೆ ಮಾಡಲು ಆಗದವರನ್ನು ಹಡಗಿನ ಡೆಕ್ ಕೆಲಸಕ್ಕೆ ತಗೊಳ್ಳುವುದಿಲ್ಲ, ವಿಮಾನ ಹಾರಿಸುವ ಕೆಲಸಕ್ಕೂ ಇದು ಅಡ್ಡ ಬರುತ್ತದೆ. ಈ ದೋಷ ಹುಡುಗಿಯರಿಗಿಂತ ಹುಡುಗರಲ್ಲೇ ಬಹಳ ಜಾಸ್ತಿ, ಮತ್ತು ಇರುವವರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ಅಕ್ಕನ ನೆರೆಮನೆಯ ಹುಡುಗ ವರ್ಷವಿಡೀ ಓದಿ ಪರೀಕ್ಷೆ ಪಾಸಾಗಿ ಮೆಡಿಕಲ್‌ನಲ್ಲಿ ಹೊರಗೆ ಬಂದ. ಪೈಲಟ್ ಆಗಬೇಕು ಅನ್ನುವವರಿಗೆ ಇನ್ನೊಂದು ಸಂಗತಿ: ಸೇನೆಯ ಪೈಲಟ್ ಆಪ್ಟಿಟ್ಯೂಡ್ ಟೆಸ್ಟ್ ಬಹಳ ಕಾಲ ಜೀವನದಲ್ಲಿ ಒಂದೇ ಸಲ ಅಂತ ಇತ್ತು. ಫೇಲಾದರೆ ಮತ್ತೆ ಬರೆಯುವ ಹಾಗಿರಲಿಲ್ಲ. ಈಗಿನ ನಿಯಮ ಏನು ಅಂತ ಮೊದಲೇ ಕೇಳಿಕೊಳ್ಳಿ. ನೋಡೋಣ ಅಂತ ಸುಮ್ನೆ ಹೋಗಿ ಕೂರುವಂಥದ್ದಲ್ಲ ಅದು.

ಕೈಕೆಲಸ ಚೆನ್ನಾಗಿರುವವರು ಐಟಿಐ ಅನ್ನು ಕಡೆಯ ದಾರಿ ಅಂತ ನೋಡಬೇಡಿ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮುಗಿಸಿದವರಿಗೆ ಕಾರವಾರದ ನೌಕಾಪಡೆಯ ಹಡಗು ದುರಸ್ತಿ ಯಾರ್ಡಿನಲ್ಲಿ ಅಪ್ರೆಂಟಿಸ್ ತರಬೇತಿ ಇದೆ. ಯಾಂತ್ರಿಕ ತರ್ಕದಲ್ಲಿ ಮುಂದಿರುವ ಹುಡುಗನನ್ನು ಅಂಕ ಕಮ್ಮಿ ಅಂತ ಆರ್ಟ್ಸ್‌ಗೆ ಹಾಕಿ ಕೂರಿಸುವುದು ನಮ್ಮಲ್ಲಿ ಎಷ್ಟು ಮನೆಯಲ್ಲಿ ನಡೆಯುತ್ತದೆ!

ನಮ್ಮಲ್ಲಿ ಆದದ್ದು

ಈಗ ಮತ್ತೆ ಮಾಡಿಸುವುದಾದರೆ ಅಂಕಪಟ್ಟಿ ಬಿಡಿಸಿ ನೋಡುತ್ತೇನೆ, ರಜೆಯಲ್ಲಿ ಕೈಗೆ ಕೆಲಸ ಕೊಡುತ್ತೇನೆ, ಆಸಕ್ತಿಯ 60 ಪ್ರಶ್ನೆ ಜೊತೆಗೆ ಕೂತು ಮಾಡಿಸುತ್ತೇನೆ. ಇಷ್ಟಾದರೂ ಎರಡು ದಾರಿಯ ನಡುವೆ ಸಿಕ್ಕಿಕೊಂಡರೆ ಮಾತ್ರ ಹುಬ್ಬಳ್ಳಿ ಬಸ್ ಹತ್ತುತ್ತೇನೆ. ಎರಡೋ ಮೂರೋ ದಾರಿ ಎದುರಿಗಿದ್ದಾಗ ಬ್ಯಾಟರಿ ಚೆನ್ನಾಗಿ ಕೆಲಸ ಮಾಡುತ್ತದೆ. ಏನೂ ಗೊತ್ತಿಲ್ಲ, ನೀವೇ ಹೇಳಿ ಅಂತ ಹೋದರೆ ಅದೂ ಕಕ್ಕಾಬಿಕ್ಕಿ.

ಮಾಣಿ ಕಾಮರ್ಸ್ ತಗೊಂಡ. ಭಾವ ಒಂದು ತಿಂಗಳು ಮುಖ ಗಂಟು ಹಾಕಿಕೊಂಡಿದ್ದರು. ಮಗಳ ವಿಷಯ ಅಷ್ಟು ಸಲೀಸಾಗಿ ಮುಗಿಯಲಿಲ್ಲ. 88 ನೋಡಿ ನಾವೆಲ್ಲ ಆರ್ಕಿಟೆಕ್ಚರ್ ಅಂದುಕೊಂಡೆವು. ಅವಳು ಶಿರಸಿಯ ಅರಣ್ಯ ಕಾಲೇಜಿನ ಆವರಣಕ್ಕೆ ಒಮ್ಮೆ ಹೋಗಿ ಬಂದವಳು "ಅದೂ ಇರಲಿ, ಇದೂ ಇರಲಿ" ಅಂದಳು. ಹಾಗಾಗಿ ಎರಡೂ ಬಾಗಿಲು ತೆರೆದಿರಲಿ ಅಂತ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ). ಗಣಿತದ ಹೋಮ್‌ವರ್ಕ್ ಬಂದಾಗ ಬೈದುಕೊಳ್ಳುತ್ತಾಳೆ.

ಆಚಾರಿ ಕೊಯ್ದ ಮರದ ಒಂಬತ್ತು ತುಂಡು ಈಗ ಜಗಲಿಯ ಮೇಲೆ ಇದೆ. ಬಂದವರೆಲ್ಲ ಒಂದು ಕೈ ನೋಡುತ್ತಾರೆ. ದೀಪಾವಳಿಗೆ ಬಂದಾಗ ಭಾವನೂ ಹಿಡಿದು ಕೂತರು. ಅವರು ಸಿವಿಲ್ ಎಂಜಿನಿಯರಿಂಗ್ ಓದಿದವರು, ಇಪ್ಪತ್ತೆರಡು ವರ್ಷದಿಂದ ಬ್ಯಾಂಕಿನಲ್ಲಿ ಇದ್ದಾರೆ. ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ. ಕಡೆಗೆ ಎರಡು ತುಂಡು ಕೈಯಲ್ಲೇ ಉಳಿದವು. ಅದನ್ನು ಮಾಣಿಯ ಕೈಗೆ ಕೊಟ್ಟು, "ನಿಂಗೆ ಬತ್ತಾ ನೋಡು" ಅಂದರು. ಅವನಿಗೂ ಬರಲಿಲ್ಲ. ಅಪ್ಪ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.